ಹೊಸ ಸೇತುವೆ ಬರುವ ತನಕ ಹಳೆಯದು ಏಳಬೇಕು, ಇಳಿಯಬೇಕು

ಹಡಗು ಬಂದಾಗ ತೆರೆದುಕೊಳ್ಳುವ ಸೇತುವೆಗಳ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಸಣ್ಣದೊಂದು ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ: ಬಂದರಿನ ಮೇಲಿನ ಇಂಥ ಸೇತುವೆಗೆ ವಯಸ್ಸಾದರೆ ಅದನ್ನು ಬದಲಿಸುವುದು ಹೇಗೆ? ನನ್ನ ಕೆಲಸದ ಬಹುಪಾಲು ವರ್ಷಗಳು ಇವುಗಳ ಯಂತ್ರಕೋಣೆಯಲ್ಲೇ ಕಳೆದಿವೆ. ನನಗೆ ತುಂಬ ಹತ್ತಿರದ ವಿಷಯ. ಹಾಗಾಗಿ ಈ ಸಲದ ಪುಟವೆಲ್ಲ ಇದಕ್ಕೇ.

ಪ್ರಶ್ನೆ: ಮೇಡಂ, ನೋಡಲು ಗಟ್ಟಿಯಾಗಿಯೇ ಕಾಣುವ ಸೇತುವೆಯನ್ನು ಯಾಕೆ ಬದಲಿಸುತ್ತಾರೆ? ತುಕ್ಕು ಕೆರೆದು, ಬಣ್ಣ ಬಳಿದು, ಹಾಳಾದ ತುಂಡುಗಳನ್ನು ಬದಲಿಸಿದರೆ ಸಾಲದೇ?

ಎಷ್ಟೋ ಸಲ ಸಾಕಾಗುತ್ತದೆ. ಲಂಡನ್ನಿನ ಟವರ್ ಬ್ರಿಡ್ಜ್ 1894ರದು. ಅದನ್ನು ಮೊದಲು ಉಗಿಯ ಬಲದಿಂದ ಎತ್ತುತ್ತಿದ್ದರು. 1970ರ ದಶಕದಲ್ಲಿ ಆ ಯಂತ್ರಗಳ ಜಾಗಕ್ಕೆ ವಿದ್ಯುತ್ ಮತ್ತು ಎಣ್ಣೆಯ ಒತ್ತಡದಲ್ಲಿ ಓಡುವ ಯಂತ್ರಗಳು ಬಂದವು. ಸೇತುವೆ ಅದೇ ಇದೆ, ಈಗಲೂ ವರ್ಷಕ್ಕೆ ಸುಮಾರು 800 ಸಲ ತೆರೆದುಕೊಳ್ಳುತ್ತದೆ. ಬರೀ ವಯಸ್ಸು ನೋಡಿ ಸೇತುವೆ ಕೆಡವಬಾರದು.

ಆದರೆ ಉಪ್ಪುಗಾಳಿಯಲ್ಲಿ ನಿಂತ ಹಳೆಯ ಉಕ್ಕಿನ ಸೇತುವೆಯ ರೋಗ ಹೊರಗಡೆ ಕಾಣುವುದಿಲ್ಲ. ಆ ಕಾಲದವರು ಎರಡು ಮೂರು ತಗಡುಗಳನ್ನು ಒಂದರ ಮೇಲೊಂದು ಇಟ್ಟು ರಿವೆಟ್, ಅಂದರೆ ಎರಡೂ ಕಡೆ ತಲೆ ಇರುವ ಉಕ್ಕಿನ ಮೊಳೆ, ಹೊಡೆಯುತ್ತಿದ್ದರು. ತಗಡುಗಳ ನಡುವೆ ತೇವ ಸೇರಿತು ಅಂದರೆ ಅಲ್ಲೇ ತುಕ್ಕು ಬೆಳೆಯುತ್ತದೆ. ತುಕ್ಕಿಗೆ ಉಕ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ ಜಾಗ ಬೇಕು. ಅದು ತಗಡುಗಳನ್ನು ಒಳಗಿಂದಲೇ ತಳ್ಳುತ್ತದೆ, ರಿವೆಟ್‌ಗಳು ಬಿಗಿದು ಬಿಗಿದು ಕೊನೆಗೆ ತಲೆ ಹಾರಿಸಿಕೊಳ್ಳುತ್ತವೆ. ಮೇಲೆ ಎಷ್ಟು ಬಣ್ಣ ಬಳಿದರೂ ಆ ಸಂದಿಗೆ ಬ್ರಷ್ ಹೋಗುವುದಿಲ್ಲ.

ಇನ್ನೊಂದು, ತೂಕ. ತೆರೆಯುವ ಸೇತುವೆ ತಕ್ಕಡಿಯ ಹಾಗೆ. ಮೇಲೇಳುವ ಭಾಗದ ತೂಕಕ್ಕೆ ಸರಿಯಾಗಿ ಇನ್ನೊಂದು ಕಡೆ ಕಾಂಕ್ರೀಟಿನದೋ ಕಬ್ಬಿಣದ್ದೋ ಕೌಂಟರ್‌ವೇಟ್ ಇರುತ್ತದೆ. ಅದಿರುವುದರಿಂದಲೇ ನೂರಾರು ಟನ್ನಿನ ಸೇತುವೆಯನ್ನು ಸಣ್ಣ ಮೋಟಾರು ಎತ್ತಿಬಿಡುತ್ತದೆ. ಮೋಟಾರಿಗೆ ಬರೀ ಗಾಳಿಯ ಮತ್ತು ತಿಕ್ಕಾಟದ ಜೊತೆ ಜಗ್ಗಾಟ. ಈಗ ಯೋಚಿಸಿ. ಪ್ರತಿ ಸಲ ಬಳಿದ ಬಣ್ಣಕ್ಕೆ ತೂಕವಿದೆ. ರಸ್ತೆಗೆ ಹಾಕಿದ ಹೊಸ ಡಾಂಬರಿಗೆ ತೂಕವಿದೆ. ಬಲಪಡಿಸಲು ಸೇರಿಸಿದ ತಗಡಿಗೂ ಇದೆ. ಕೌಂಟರ್‌ವೇಟ್ ಇರುವ ಗುಂಡಿಯಲ್ಲಿ ನಿಂತ ಮಳೆನೀರೂ ಲೆಕ್ಕ ಕೆಡಿಸುತ್ತದೆ. ಇದಕ್ಕೆಂದೇ ಕೌಂಟರ್‌ವೇಟಿನಲ್ಲಿ ಸಣ್ಣ ಗೂಡುಗಳನ್ನು ಬಿಟ್ಟಿರುತ್ತಾರೆ. ಆ ಗೂಡುಗಳಲ್ಲಿ ಕೈಯಲ್ಲಿ ಎತ್ತಬಹುದಾದ ಗಟ್ಟಿಗಳನ್ನು ಇಟ್ಟು, ತೆಗೆದು ಸಮತೋಲ ಸರಿಮಾಡುತ್ತೇವೆ. ಒಂದು ದಿನ ಗೂಡುಗಳೆಲ್ಲ ತುಂಬಿರುತ್ತವೆ. ಇನ್ನೊಂದು ಗಟ್ಟಿ ಇಡಲು ಜಾಗವಿಲ್ಲ. ಅಲ್ಲಿಗೆ ಆ ಸೇತುವೆಯನ್ನು ಇನ್ನೂ ಬಲಪಡಿಸುವ ದಾರಿ ಮುಚ್ಚಿತು ಅಂತಲೇ ಅರ್ಥ.

ಬಿಡಿಭಾಗದ ಕಥೆ ಬೇರೆ. ನೂರು ವರ್ಷದ ಹಿಂದೆ ಎರಕ ಹೊಯ್ದ ಗೇರ್ ಒಡೆದರೆ ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಳತೆ ತೆಗೆದು ಹೊಸದಾಗಿಯೇ ಮಾಡಿಸಬೇಕು. ಅದಕ್ಕೆ ತಿಂಗಳುಗಳು ಬೇಕು, ಅಷ್ಟು ದಿನ ಸೇತುವೆ ಬಂದ್.

ಪ್ರಶ್ನೆ: ಹಡಗು ಬಂದಾಗಲೆಲ್ಲ ಜನ ಕಾಯುವ ಕಷ್ಟ ಯಾಕೆ? ಹೇಗೂ ಹೊಸದು ಕಟ್ಟುತ್ತೀರಿ. ಹಡಗು ಕೆಳಗೆ ಹೋಗುವಷ್ಟು ಎತ್ತರಕ್ಕೆ ಒಮ್ಮೆಗೇ ಕಟ್ಟಿಬಿಟ್ಟರೆ ಆಗದೇ? ಇಲ್ಲವೇ ಸುರಂಗ?

ಈ ಪ್ರಶ್ನೆ ಯೋಜನೆಯ ಮೊದಲ ದಿನವೇ ಮೇಜಿನ ಮೇಲೆ ಇರಬೇಕು. ಎತ್ತರದ ಸೇತುವೆ ಆಗುವ ಜಾಗದಲ್ಲಿ ಕಣ್ಣುಮುಚ್ಚಿ ಅದನ್ನೇ ಕಟ್ಟಿ ಅಂತ ನಾನೂ ಹೇಳುತ್ತೇನೆ. ಚಲಿಸುವ ಭಾಗವಿಲ್ಲದ ಸೇತುವೆಗೆ ಕೆಡುವ ಯಂತ್ರವೇ ಇಲ್ಲ.

ಆದರೆ ಎತ್ತರಕ್ಕೆ ಉದ್ದ ಬೇಕು. ಸುಮ್ನೆ ಒಂದು ಲೆಕ್ಕ ಹಾಕಿ. ಹಡಗಿಗಾಗಿ ರಸ್ತೆಯನ್ನು 20 ಮೀಟರ್ ಮೇಲೆ ಒಯ್ಯಬೇಕು ಅಂತಿಟ್ಟುಕೊಳ್ಳಿ. ಲಾರಿಗಳು ಏದುಸಿರು ಬಿಡದೆ ಹತ್ತಬೇಕಾದರೆ 30 ಮೀಟರ್ ಮುಂದೆ ಹೋದಾಗ 1 ಮೀಟರ್ ಮೇಲೇರುವ ಇಳಿಜಾರು ಇರಲಿ. ಹಾಗಾದರೆ ಒಂದೊಂದು ದಡದಲ್ಲೂ 600 ಮೀಟರ್ ಏರುದಾರಿ ಬೇಕು. ರೈಲಾದರೆ ಇಷ್ಟು ಕಡಿದು ಆಗುವುದಿಲ್ಲ. 100ಕ್ಕೆ 1 ಅಂತ ಹಿಡಿದರೂ ಒಂದು ಕಡೆಗೇ 2 ಕಿಲೋಮೀಟರ್ ಆಯಿತು. ಹಳೆಯ ಬಂದರುಗಳ ಸುತ್ತ ಅಷ್ಟು ಖಾಲಿ ಜಾಗ ಎಲ್ಲಿರುತ್ತದೆ? ಗೋದಾಮು, ಮನೆ, ಮಾರುಕಟ್ಟೆ ಎಲ್ಲ ನೀರಿನ ಅಂಚಿಗೇ ಬಂದು ನಿಂತಿರುತ್ತವೆ. ಏರುದಾರಿಯ ಕಂಬಗಳು ಅವುಗಳ ಮೇಲೇ ಬೀಳುತ್ತವೆ. ದಡದಿಂದ ದಡಕ್ಕೆ ನಡೆದು ಹೋಗುತ್ತಿದ್ದವರು ಆರು ಮಹಡಿಯಷ್ಟು ಹತ್ತಿ ಇಳಿಯಬೇಕು.

ಇದನ್ನು ಕಣ್ಣಾರೆ ನೋಡಬೇಕಾದರೆ ತಮಿಳುನಾಡಿನ ಪಾಂಬನ್‌ಗೆ ಹೋಗಿ. ಅಲ್ಲಿ ಒಂದೇ ನೀರಿನ ಮೇಲೆ ಎರಡೂ ಉತ್ತರಗಳು ಪಕ್ಕಪಕ್ಕ ನಿಂತಿವೆ. 1988ರಲ್ಲಿ ತೆರೆದ ರಸ್ತೆ ಸೇತುವೆ ಎತ್ತರಕ್ಕೆ ಬಾಗಿ ಹೋಗುತ್ತದೆ, ಅದರ ಕೆಳಗೆ ಹಡಗು ದಾಟುತ್ತದೆ. ರೈಲು ಸೇತುವೆ ನೀರಿಗೆ ಹತ್ತಿರವಾಗಿ ನೇರ ಹೋಗುತ್ತದೆ, ನಡುವಿನ ಭಾಗ ಮಾತ್ರ ತೆರೆಯುತ್ತದೆ. 1914ರ ಹಳೆಯ ಸೇತುವೆಯ ಬದಲು 2025ರ ಏಪ್ರಿಲ್ 6ರಂದು ಹೊಸದನ್ನು ಉದ್ಘಾಟಿಸಿದರು. ಅದೂ ತೆರೆಯುವ ಸೇತುವೆಯೇ. ಹಳೆಯದರಲ್ಲಿ ಎರಡು ರೆಕ್ಕೆಗಳು ನಡುವೆ ಬಿಟ್ಟುಕೊಂಡು ಮೇಲೇಳುತ್ತಿದ್ದವು, ಕೆಲಸಗಾರರು ಸನ್ನೆಕೋಲು ಹಿಡಿದು ಸುತ್ತು ಹಾಕುತ್ತ ಅದನ್ನು ಎತ್ತುತ್ತಿದ್ದರು. ಹೊಸದರಲ್ಲಿ 72.5 ಮೀಟರ್ ಉದ್ದದ ಇಡೀ ತುಂಡು ಎರಡು ಗೋಪುರಗಳ ನಡುವೆ ನೆಟ್ಟಗೆ 17 ಮೀಟರ್ ಮೇಲೆ ಹೋಗುತ್ತದೆ. ಎತ್ತುವುದು ವಿದ್ಯುತ್ ಮೋಟಾರು.

ಸುರಂಗವೂ ಆಗುತ್ತದೆ. ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ 1927ರ ಎತ್ತುವ ರೈಲು ಸೇತುವೆಯ ಕೆಲಸವನ್ನು 1993ರಲ್ಲಿ ಸುರಂಗ ವಹಿಸಿಕೊಂಡಿತು. ಆದರೆ ಸುರಂಗ ಹಡಗಿನ ತಳಕ್ಕಿಂತಲೂ ಕೆಳಗೆ ಇಳಿಯಬೇಕು. ಏರುದಾರಿಯ ಸಮಸ್ಯೆ ಇಳಿದಾರಿಯ ಸಮಸ್ಯೆಯಾಗುತ್ತದೆ, ಅಷ್ಟೇ. ನೀರು ಹೊರಹಾಕುವ ಪಂಪು, ಗಾಳಿ ಆಡಿಸುವ ಯಂತ್ರ, ಬೆಂಕಿಯ ಭದ್ರತೆ ಇವೆಲ್ಲ ಅದು ಇರುವಷ್ಟು ಕಾಲವೂ ಓಡುತ್ತಿರಬೇಕು. ನಡೆಯುವವರಿಗೆ, ಸೈಕಲ್ಲಿನವರಿಗೆ ಅದು ಅಷ್ಟಕ್ಕಷ್ಟೇ.

ನಡುವಿನ ದಾರಿಯೊಂದಿದೆ, ನನಗೆ ತುಂಬ ಇಷ್ಟವಾದದ್ದು. ತೆರೆಯುವ ಸೇತುವೆಯನ್ನೇ ಕಟ್ಟಿ, ಆದರೆ ಮುಚ್ಚಿದಾಗ ಅದರ ಎತ್ತರ ಹಳೆಯದಕ್ಕಿಂತ ಕೆಲವು ಮೀಟರ್ ಜಾಸ್ತಿ ಇರಲಿ. ಸಣ್ಣ ಬೋಟುಗಳು ತೆರೆಸದೆಯೇ ದಾಟುತ್ತವೆ. ಅಮೆರಿಕದ ಪೋರ್ಟ್ಸ್‌ಮತ್ ಬಂದರಿನಲ್ಲಿ 1940ರ ಸೇತುವೆಯ ಬದಲು 2018ರಲ್ಲಿ ಬಂದ ಸೇತುವೆಯಲ್ಲಿ ಇನ್ನೂ ಚಂದದ ಉಪಾಯ ಮಾಡಿದ್ದಾರೆ. ಅದರಲ್ಲಿ ರಸ್ತೆ ಮೇಲೆ, ರೈಲು ಹಳಿ ಕೆಳಗೆ. ಎತ್ತುವ ಭಾಗ ಸಾಮಾನ್ಯ ಹೊತ್ತಿನಲ್ಲಿ ಮೇಲಿನ ರಸ್ತೆಯ ಮಟ್ಟದಲ್ಲಿರುತ್ತದೆ. ದೊಡ್ಡ ಹಡಗಿಗೆ ಇನ್ನೂ ಮೇಲೆ ಹೋಗುತ್ತದೆ. ಅಪರೂಪಕ್ಕೆ ರೈಲು ಬಂದರೆ ಕೆಳಗಿನ ಹಳಿಯ ಮಟ್ಟಕ್ಕೆ ಇಳಿಯುತ್ತದೆ. ಇದಕ್ಕೆ ತದ್ವಿರುದ್ಧ ಸ್ವೀಡನ್ನಿನ ಗೋಥೆನ್‌ಬರ್ಗ್. ಅಲ್ಲಿ 1939ರ ಸೇತುವೆಯ ಬದಲು 2021ರಲ್ಲಿ ಬಂದದ್ದನ್ನು ಬೇಕೆಂದೇ ತಗ್ಗಿಗೆ ಕಟ್ಟಿದರು. ನಡೆಯುವವರಿಗೂ ಸೈಕಲ್ಲಿನವರಿಗೂ ಏರು ಕಡಿಮೆಯಾಗಲಿ, ದಡದಲ್ಲಿ ಜಾಗ ಉಳಿಯಲಿ ಎಂಬ ಯೋಚನೆ. ಎರಡೂ ಸರಿ. ಆ ನೀರಿನಲ್ಲಿ ಯಾರು ಓಡಾಡುತ್ತಾರೆ, ಆ ದಡದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ.

ಪ್ರಶ್ನೆ: ಹೊಸ ಸೇತುವೆಯನ್ನು ಹಳೆಯದರ ಜಾಗದಲ್ಲೇ ಕಟ್ಟುವುದು ಒಳ್ಳೆಯದೋ, ಪಕ್ಕದಲ್ಲೋ?

ಜಾಗವಿದ್ದರೆ ಪಕ್ಕದಲ್ಲಿ. ಹಳೆಯದು ಓಡುತ್ತಿರುವಾಗಲೇ ಹೊಸದು ಏಳುತ್ತದೆ, ಕೊನೆಯಲ್ಲಿ ದಾರಿ ತಿರುಗಿಸಿದರೆ ಆಯಿತು. ಆದರೆ ಕೆಲಸ ನಡೆಯುವಷ್ಟು ವರ್ಷ ಬೋಟಿನವರು ಒಂದರ ಹಿಂದೊಂದು ಎರಡು ಬಾಗಿಲು ದಾಟಬೇಕು. ಎರಡೂ ಬಾಗಿಲು ಒಂದೇ ನೇರಕ್ಕೆ ಇರದಿದ್ದರೆ ಅಡ್ಡಗಾಳಿಯಲ್ಲಿ ಚುಕ್ಕಾಣಿ ಹಿಡಿದವರ ಪಾಡು ಹೇಳತೀರದು. ಹೊಸ ಕಂಬಕ್ಕೆ ಕೊರೆಯುವಾಗ ಹಳೆಯ ಕಂಬದ ಬುಡ ಅಲುಗದ ಹಾಗೆ ನೋಡಿಕೊಳ್ಳಬೇಕು. ನೂರು ವರ್ಷದ ಹಿಂದೆ ಆ ಬುಡವನ್ನು ಎಷ್ಟು ಆಳಕ್ಕೆ ಇಳಿಸಿದ್ದಾರೆ ಎಂಬುದು ನಕ್ಷೆಯಲ್ಲಿ ಒಂದು, ನೀರಿನೊಳಗೆ ಇನ್ನೊಂದು ಇರುವುದು ಮಾಮೂಲು. ಮುಳುಗುಗಾರರನ್ನು ಇಳಿಸಿ ನೋಡಿಸದೆ ಮುಂದೆ ಹೋಗಬೇಡಿ.

ಅದೇ ಜಾಗದಲ್ಲಿ ಕಟ್ಟುವುದಾದರೆ ದಾಟಲು ಬೇರೆ ದಾರಿ ಇರಲೇಬೇಕು. ಪೋರ್ಟ್ಸ್‌ಮತ್‌ನಲ್ಲೇ ಇನ್ನೊಂದು ಎತ್ತುವ ಸೇತುವೆಯಿತ್ತು, 1923ರದು. ಅದನ್ನು ಬಿಚ್ಚಿ ಅದೇ ಜಾಗದಲ್ಲಿ 2013ರಲ್ಲಿ ಹೊಸದು ಮಾಡಿದರು. ಅದೇ ನದಿಗೆ ಇನ್ನೂ ಎರಡು ಸೇತುವೆಗಳಿದ್ದವು, ಅದಕ್ಕೇ ಅದು ಸಾಧ್ಯವಾಯಿತು. ಅಲ್ಲಿ ಹಳೆಯ ತುಂಡುಗಳನ್ನು ದೋಣಿಯ ಮೇಲೆ ತೇಲಿಸಿ ಒಯ್ದರು, ಹೊಸ ತುಂಡುಗಳನ್ನು ತೇಲಿಸಿಯೇ ತಂದರು. ಈ ಕೆಲಸದಲ್ಲಿ ಕಡಲೇ ಕ್ರೇನು. ನೀರು ಇಳಿದಾಗ ಚಪ್ಪಟೆ ದೋಣಿಯನ್ನು ಸೇತುವೆಯ ಕೆಳಗೆ ತಂದು ನಿಲ್ಲಿಸುತ್ತಾರೆ. ಉಬ್ಬರ ಏರುತ್ತ ಏರುತ್ತ ದೋಣಿಯೂ ಏರಿ, ಅದರ ಮೇಲಿನ ಆಸರೆ ಸೇತುವೆಯ ತಳಕ್ಕೆ ತಾಗಿ, ನೂರಾರು ಟನ್ನಿನ ಉಕ್ಕು ತನ್ನ ಆಧಾರದಿಂದ ಕೂದಲೆಳೆಯಷ್ಟು ಮೇಲೇಳುತ್ತದೆ. ಆ ಗಳಿಗೆಗೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಕೂರಿಸುವಾಗ ಇದೇ ಕೆಲಸ ಇಳಿತದಲ್ಲಿ. ಉಬ್ಬರದ ಪಟ್ಟಿ ನೋಡಿಯೇ ದಿನ ಗೊತ್ತುಮಾಡುತ್ತಾರೆ. ಆ ದಿನ ಗಾಳಿ ಎದ್ದರೆ ಮುಂದಿನ ಒಳ್ಳೆಯ ಉಬ್ಬರದ ತನಕ ಕಾಯಬೇಕು.

ಪ್ರಶ್ನೆ: ಹೊಸ ಸೇತುವೆಗೆ ಮಂಜೂರಾತಿ ಸಿಕ್ಕ ಮೇಲೂ ಹಳೆಯದಕ್ಕೆ ಹಣ ಸುರಿಯುವುದು ದಂಡ ಅಲ್ವಾ?

ಖಂಡಿತ ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ.

ಮಂಜೂರಾತಿಗೂ ಉದ್ಘಾಟನೆಗೂ ನಡುವೆ ವರ್ಷಗಳಿವೆ. ಮಣ್ಣಿನ ಪರೀಕ್ಷೆ, ಪರಿಸರದ ಒಪ್ಪಿಗೆ, ಬಂದರಿನವರ ಒಪ್ಪಿಗೆ, ವಿನ್ಯಾಸ, ಟೆಂಡರ್, ಆಮೇಲೆ ಕಟ್ಟುವುದು. ಹತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಅಷ್ಟೂ ವರ್ಷ ಆ ಹಳೆಯ ಸೇತುವೆಯೇ ಏಳಬೇಕು, ಇಳಿಯಬೇಕು, ಲಾರಿ ಹೊರಬೇಕು, ಆಂಬುಲೆನ್ಸ್ ದಾಟಿಸಬೇಕು. ಆದರೆ ನಡೆಯುವುದೇನು? ಹೊಸದು ಬರುತ್ತದೆ ಅಂತ ಗೊತ್ತಾದ ಕೂಡಲೇ ಹಳೆಯದರ ಬಜೆಟ್ಟಿಗೆ ಕತ್ತರಿ ಬೀಳುತ್ತದೆ. ಅನುಭವಿ ನಿರ್ವಾಹಕರು ವರ್ಗ ಮಾಡಿಸಿಕೊಂಡು ಹೋಗುತ್ತಾರೆ. ಗ್ರೀಸ್ ಹಾಕುವುದು ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಗುತ್ತದೆ.

ಪಾಂಬನ್ನಿನ ಹಳೆಯ ಸೇತುವೆಯ ಮೇಲೆ ರೈಲು ನಿಂತದ್ದು 2022ರ ಡಿಸೆಂಬರಿನಲ್ಲಿ. ಹೊಸದು ತೆರೆದದ್ದು 2025ರ ಏಪ್ರಿಲಿನಲ್ಲಿ. ನಡುವಿನ ಎರಡು ವರ್ಷಕ್ಕೂ ಮೀರಿದ ಕಾಲ ರಾಮೇಶ್ವರಕ್ಕೆ ರೈಲೇ ಇರಲಿಲ್ಲ. ಪೋರ್ಟ್ಸ್‌ಮತ್‌ನ 1923ರ ಸೇತುವೆಯೂ ಹಾಗೆಯೇ, ಹೊಸದು ಬರುವ ಎರಡು ವರ್ಷ ಮೊದಲೇ, 2011ರಲ್ಲಿ, ವಾಹನಗಳಿಗೆ ಮುಚ್ಚಿತು. ಕೆನಡಾದ ವಿಕ್ಟೋರಿಯಾ ಬಂದರಿನ ಜಾನ್ಸನ್ ಸ್ಟ್ರೀಟ್ ಸೇತುವೆ 1924ರದು. ಅದರ ರೈಲಿನ ಭಾಗವನ್ನು ತುಕ್ಕಿನಿಂದಾಗಿ 2011ರಲ್ಲೇ ನಿಲ್ಲಿಸಬೇಕಾಯಿತು, ಹೊಸ ಸೇತುವೆ ಬಂದದ್ದು 2018ಕ್ಕೆ. ಈ ಮೂರೂ ಕಡೆ ಹಳೆಯ ಸೇತುವೆ ಹೊಸದಕ್ಕಾಗಿ ಕಾಯಲಿಲ್ಲ. ಇದನ್ನು ಆ ಎಂಜಿನಿಯರುಗಳ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಪಾಯ ಕಂಡಾಗ ಮುಚ್ಚಿದ್ದು ಸರಿಯಾದ ಕೆಲಸ. ಯೋಜನೆ ಬರೆಯುವವರು ಈ ನಡುಗಾಲವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು ಅನ್ನುತ್ತಿದ್ದೇನೆ. ಹೊಸ ಸೇತುವೆಯ ಅಂದಾಜುಪಟ್ಟಿಯ ಒಳಗೇ, ಅದೇ ಮಂಜೂರಾತಿಯಲ್ಲೇ, ಹಳೆಯದನ್ನು ಉದ್ಘಾಟನೆಯ ದಿನದ ತನಕ ಬದುಕಿಸುವ ಹಣ ಇರಲಿ. ಬೇರೆ ತಲೆಬರಹದಡಿ ಇಟ್ಟರೆ ಅದು ಮೊದಲು ಕತ್ತರಿಗೆ ಸಿಗುತ್ತದೆ.

ಈ ಹಣ ಎಲ್ಲಿಗೆ ಹೋಗಬೇಕು ಅಂತಲೂ ಹೇಳುತ್ತೇನೆ. ಚಂದ ಕಾಣಲು ಬಣ್ಣ ಬೇಡ. ಭಾರ ಹೊರುವ ಬೇರಿಂಗು, ತಿರುಗುವ ಅಚ್ಚು, ಬೀಗ, ಬ್ರೇಕು, ವೈರಿಂಗ್. ಮುಚ್ಚಿದ ಸೇತುವೆಯ ತುದಿ ಎಲ್ಲಿ ಕೂರುತ್ತದೋ ಆ ಆಧಾರದ ಹತ್ತಿರ ಹೋಗಿ ನಿಂತುಕೊಳ್ಳಿ. ಲಾರಿ ಹೋದಾಗ 'ಡಬ್' ಅಂತ ಸದ್ದು ಬಂದರೆ ತುದಿ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಸಂದಿಯಲ್ಲಿ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿ ಅಳೆದರೆ ಒಂದೆರಡು ಮಿಲಿಮೀಟರ್ ಅಂತರ ಸಿಗುತ್ತದೆ. ಒಂದೆರಡು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಪ್ರತಿ ಲಾರಿಗೂ ಇಡೀ ಸೇತುವೆ ಅಷ್ಟು ಎತ್ತರದಿಂದ ಕುಟ್ಟಿಸಿಕೊಳ್ಳುತ್ತಿದೆ. ಆ ಪೆಟ್ಟು ಬೀಗಕ್ಕೆ ಹೋಗುತ್ತದೆ, ಬೀಗದಿಂದ ಗೇರಿಗೆ. ತೆಳು ತಗಡು ಕೊಟ್ಟು ಆ ಅಂತರ ಮುಚ್ಚುವ ಕೆಲಸಕ್ಕೆ ಹೆಚ್ಚು ಖರ್ಚಿಲ್ಲ. ಅದನ್ನು ಮಾಡದೆ ಬಿಟ್ಟದ್ದರಿಂದ ಗೇರಿನ ಹಲ್ಲು ಮುರಿದದ್ದನ್ನು ನಾನು ಕಂಡಿದ್ದೇನೆ. ಹೊಸದು ಬರುತ್ತದಲ್ಲ ಅನ್ನುವುದೇ ಅಲ್ಲಿ ಕೊಟ್ಟ ಕಾರಣ.

ಆ ಸದ್ದನ್ನು ಮೊದಲು ಗುರುತಿಸುವವರು ನಿರ್ವಾಹಕರು. ದಿನಾ ಅಲ್ಲೇ ಕೂತಿರುತ್ತಾರೆ, ಸೇತುವೆಯ ದನಿ ಬದಲಾದರೆ ಅವರಿಗೆ ಗೊತ್ತಾಗುತ್ತದೆ. ಉದ್ಘಾಟನೆಯ ದಿನದ ತನಕ ಅವರು ಅಲ್ಲೇ ಇರುವ ಹಾಗೆ ನೋಡಿಕೊಳ್ಳಿ. ಹೊಸದರ ನಿಯಂತ್ರಣ ಕೋಣೆಯ ವಿನ್ಯಾಸ ಮಾಡುವಾಗಲೂ ಅವರನ್ನು ಕರೆದು ಕೂರಿಸಿಕೊಳ್ಳಿ. ಕಿಟಕಿ ಯಾವ ಕಡೆಗಿರಬೇಕು, ಯಾವ ಮೂಲೆ ಕಣ್ಣಿಗೆ ಬೀಳುವುದಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ.

ಪ್ರಶ್ನೆ: ನನ್ನ ಬೋಟು ದಿನವೂ ಅಂಥ ಸೇತುವೆಯ ಕೆಳಗೆ ಹೋಗುತ್ತದೆ. ಯೋಜನೆಯ ಸಭೆಗಳಲ್ಲಿ ಮಾತೆಲ್ಲ ವಾಹನಗಳದೇ. ನಮ್ಮನ್ನು ಯಾರು ಕೇಳುತ್ತಾರೆ?

ಕೇಳಲೇಬೇಕು, ನೀವು ಕೇಳಿಸಲೇಬೇಕು. ನೀರಿನ ದಾರಿ ಸೇತುವೆಗಿಂತ ಹಳೆಯದು. ಟವರ್ ಬ್ರಿಡ್ಜಿನಲ್ಲಿ ಇವತ್ತಿಗೂ 24 ಗಂಟೆ ಮೊದಲು ತಿಳಿಸಿದರೆ ಹಡಗಿಗೇ ಮೊದಲ ಮರ್ಯಾದೆ, ಕಾರುಗಳು ಕಾಯಬೇಕು. 1997ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರ ವಾಹನಗಳ ಸಾಲೇ ಅಲ್ಲಿ ಎರಡು ತುಂಡಾಗಿ ನಿಂತಿತ್ತು.

ಸಭೆಗೆ ಹೋಗುವಾಗ ದೂರು ಮಾತ್ರ ಒಯ್ಯಬೇಡಿ, ಅಳತೆ ಒಯ್ಯಿರಿ. ನೀರಿನ ಮಟ್ಟದಿಂದ ನಿಮ್ಮ ಬೋಟಿನ ಅತಿ ಎತ್ತರದ ತುದಿ ಎಷ್ಟು, ಆಂಟೆನಾ ಸೇರಿಸಿ. ಮಡಿಸಲು ಬರುವುದು ಎಷ್ಟು, ಬಾರದ್ದು ಎಷ್ಟು. ತುಂಬಿದ ಬೋಟು ಎಷ್ಟು ಮುಳುಗುತ್ತದೆ. ನೀವು ಹೊರಡುವ ಹೊತ್ತು, ಬರುವ ಹೊತ್ತು. ನಿಮ್ಮ ಸಂಘದ ಎಲ್ಲ ಬೋಟುಗಳದ್ದೂ ಹೀಗೆ ಬರೆದು ಕೊಟ್ಟರೆ ಆ ಕಾಗದವನ್ನು ಯಾರೂ ಪಕ್ಕಕ್ಕಿಡಲಾರರು. ಮುಚ್ಚಿದಾಗಿನ ಎತ್ತರ ಎಷ್ಟಿರಬೇಕು ಎಂಬ ತೀರ್ಮಾನಕ್ಕೆ ಅದೇ ಆಧಾರ. ಸೇತುವೆಯ ಕೋಣೆಯಲ್ಲೂ ಒಂದು ದಾಖಲೆ ಪುಸ್ತಕ ಇರುತ್ತದೆ, ಯಾವ ಹೊತ್ತಿಗೆ ಯಾವ ಹಡಗಿಗೆ ತೆರೆಯಿತು ಅಂತ. ಆದರೆ ತೆರೆಸದೆಯೇ ದಾಟಿದ ಬೋಟುಗಳು ಅದರಲ್ಲಿ ಇರುವುದಿಲ್ಲ. ಹೊಸದು ತಗ್ಗಾಗಿ ಬಂದರೆ ಮೊದಲು ಪೆಟ್ಟು ತಿನ್ನುವುದು ಅವೇ.

ಇನ್ನೂ ಎರಡು ಕೇಳಿ. ಕೆಲಸ ನಡೆಯುವಾಗ ನೀರಿನ ದಾರಿ ಎಷ್ಟು ದಿನ ಮುಚ್ಚುತ್ತದೆ, ಯಾವ ತಿಂಗಳಲ್ಲಿ? ನಿಮಗೆ ಕೆಲಸ ಜಾಸ್ತಿ ಇರುವ ಕಾಲದಲ್ಲಿ ಬೇಡ ಅಂತ ಈಗಲೇ ಬರೆಸಿ. ಮತ್ತೊಂದು, ಕಂಬಗಳ ರಕ್ಷಣೆ. ಮೇಲೇಳುವ ಬದಲು ಕಂಬದ ಮೇಲೆ ಪಕ್ಕಕ್ಕೆ ತಿರುಗಿ ದಾರಿ ಬಿಡುವ ಸೇತುವೆಗಳಲ್ಲಿ ಹಡಗುದಾರಿಯ ನಟ್ಟನಡುವೆಯೇ ದೊಡ್ಡ ಕಂಬ ನಿಂತಿರುತ್ತದೆ. ಹಡಗುಗಳು ಅಗಲವಾದ ಹಾಗೆ ಅದೇ ಗಂಟಲ ಮುಳ್ಳು. ಬದಲಿಸುವಾಗ ಆ ಕಂಬ ಹೋಗಿ ದಾರಿ ಅಗಲವಾದರೆ ಎಲ್ಲರಿಗೂ ಒಳ್ಳೆಯದು. ದಾರಿಯ ಪಕ್ಕದ ಕಂಬಗಳಿಗೂ ಕಾವಲು ಬೇಕು. 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 'ಡಾಲಿ' ಎಂಬ ಸುಮಾರು 300 ಮೀಟರ್ ಉದ್ದದ ಕಂಟೇನರ್ ಹಡಗು ವಿದ್ಯುತ್ ಕಳೆದುಕೊಂಡು ಕೀ ಸೇತುವೆಯ ಕಂಬಕ್ಕೆ ಗುದ್ದಿತು. ಸೇತುವೆ ಬಿದ್ದು ಅದರ ಮೇಲೆ ಕೆಲಸ ಮಾಡುತ್ತಿದ್ದ 6 ಜನ ಸತ್ತರು. ಬಂದರಿನ ಮುಖ್ಯ ದಾರಿ ಪೂರ್ತಿ ತೆರೆದದ್ದು ಜೂನ್‌ನಲ್ಲಿ. ಅದು 1977ರ, ತೆರೆಯದ ಸೇತುವೆ. ಆದರೆ ಕಂಬಕ್ಕೆ ಹಡಗಿನ ಪೆಟ್ಟು ಎಲ್ಲ ಬಗೆಯ ಸೇತುವೆಗೂ ಒಂದೇ. ಹೊಸ ಯೋಜನೆಯಲ್ಲಿ ಇವತ್ತಿನ ಹಡಗನ್ನಲ್ಲ, ಮುಂದೆ ಬರಬಹುದಾದ ದೊಡ್ಡ ಹಡಗನ್ನು ಲೆಕ್ಕಕ್ಕೆ ಹಿಡಿದಿದ್ದಾರಾ ಅಂತ ಕೇಳಿ.

ಪ್ರಶ್ನೆ: ಅಂದಾಜು ಒಂದು, ಕೊನೆಯ ಖರ್ಚು ಇನ್ನೊಂದು. ಯಾಕೆ ಹೀಗಾಗುತ್ತದೆ?

ಮೇಲೆ ಹೇಳಿದ ಜಾನ್ಸನ್ ಸ್ಟ್ರೀಟ್ ಸೇತುವೆಯನ್ನೇ ನೋಡಿ. ಮೊದಲು ಹೇಳಿದ್ದು 6.3 ಕೋಟಿ ಕೆನಡಾ ಡಾಲರ್. ಮುಗಿಯುವ ಹೊತ್ತಿಗೆ ಸುಮಾರು 10.5 ಕೋಟಿ. ಅದೂ ಹೊಸದರಿಂದ ರೈಲು ಹಳಿಯನ್ನು ಕೈಬಿಟ್ಟ ಮೇಲೆ.

ಕಾರಣ ಹಲವು. ನನಗೆ ಮುಖ್ಯ ಅನ್ನಿಸುವುದು, ಮೊದಲ ಅಂಕಿ ಹೊರಬೀಳುವುದು ಯಾರೂ ನೀರಿನ ತಳ ನೋಡುವ ಮೊದಲೇ. ಹಳೆಯ ಬಂದರಿನ ತಳದ ಹೂಳಿನಲ್ಲಿ ಹಡಗುಕಟ್ಟೆಗಳು ಬಿಟ್ಟ ವಿಷ ಇರುತ್ತದೆ. ಅದನ್ನು ತೆಗೆದು ಇನ್ನೊಂದು ಕಡೆ ಸುರಿಯುವ ಹಾಗಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಅದನ್ನು ನೀರಿಗೆ ಉದುರಿಸುವ ಹಾಗಿಲ್ಲ. ಸೇತುವೆಯ ಪಕ್ಕದಲ್ಲೇ ಕಡಲತಳದಲ್ಲಿ ವಿದ್ಯುತ್ ತಂತಿ, ಟೆಲಿಫೋನ್ ತಂತಿ, ಕುಡಿಯುವ ನೀರಿನ ಕೊಳವೆ ಮಲಗಿರುತ್ತವೆ. ಇವನ್ನೆಲ್ಲ ಸರಿಸುವ ಖರ್ಚು ಸೇತುವೆಯ ಖರ್ಚು ಅಂತ ಯಾರಿಗೂ ಮೊದಲು ಅನ್ನಿಸುವುದಿಲ್ಲ. ಹಾಗಾಗಿ ತಳ ಕೊರೆದು ನೋಡುವ ಮೊದಲು ಒಂದೇ ಅಂಕಿ ಹೇಳಬೇಡಿ, ಇಷ್ಟರಿಂದ ಇಷ್ಟು ಅಂತ ಹೇಳಿ. ಜನ ಅದನ್ನು ಅರ್ಥಮಾಡಿಕೊಳ್ಳುತ್ತಾರೆ.

ಇನ್ನೊಂದು ಮಾತು. ಉಳಿತಾಯದ ಹೆಸರಲ್ಲಿ ನೀರಿನೊಳಗಿನ ಕೆಲಸವನ್ನು ಚಿಕ್ಕದು ಮಾಡಬೇಡಿ. ಪಾಂಬನ್ನಿನಲ್ಲಿ ಹೊಸ ಸೇತುವೆಯ ಮೇಲೆ ಸದ್ಯಕ್ಕೆ ಒಂದೇ ಹಳಿ, ಆದರೆ ಬುಡವನ್ನು ಎರಡು ಹಳಿಗೆ ಸಾಲುವಂತೆ ಕಟ್ಟಿದ್ದಾರೆ. ಬಹಳ ಒಳ್ಳೆಯ ತೀರ್ಮಾನ. ಮೇಲಿನ ಉಕ್ಕನ್ನು ಮುಂದೆ ಯಾವಾಗ ಬೇಕಾದರೂ ಸೇರಿಸಬಹುದು. ಬುಡಕ್ಕಾಗಿ ಮತ್ತೆ ನೀರಿಗಿಳಿಯುವುದು ಬಲು ದುಬಾರಿ.

ಪ್ರಶ್ನೆ: ಹೊಸ ಸೇತುವೆಗೆ ಕಂಪ್ಯೂಟರ್ ನಿಯಂತ್ರಣ ಬರುತ್ತದೆ. ಇನ್ನು ಕೆಟ್ಟು ನಿಲ್ಲುವ ಭಯ ಇಲ್ಲ ಅಲ್ವಾ?

ಇದೆ. 2024ರ ಜುಲೈನಲ್ಲಿ ನ್ಯೂಯಾರ್ಕಿನ ಥರ್ಡ್ ಅವೆನ್ಯೂ ತಿರುಗುಸೇತುವೆ ಹಡಗಿಗೆ ತೆರೆದದ್ದು ಮತ್ತೆ ಮುಚ್ಚಲಿಲ್ಲ. ಸೆಕೆಗೆ ಉಕ್ಕು ಹಿಗ್ಗಿತ್ತು. ದೋಣಿಗಳಿಂದ ಗಂಟೆಗಟ್ಟಲೆ ನೀರು ಚಿಮ್ಮಿಸಿ ತಣ್ಣಗೆ ಮಾಡಿದ ಮೇಲೆ ಮುಚ್ಚಿಕೊಂಡಿತು. ಬಿಸಿ ಹೆಚ್ಚುತ್ತಿರುವ ಕಾಲದಲ್ಲಿ ತುದಿಯ ಸಂದಿಯನ್ನು ಹಳೆಯ ಲೆಕ್ಕಕ್ಕೆ ಬಿಡಬಾರದು. ಎರಡನೇ ಮೋಟಾರು, ಜನರೇಟರು, ಕೊನೆಗೆ ಕೈಯಲ್ಲಿ ಸುತ್ತುವ ಹಿಡಿ, ಮೂರೂ ಇರಲಿ. ವಿದ್ಯುತ್ ಹೋದಾಗ ಸೇತುವೆ ತೆರೆದು ನಿಲ್ಲಬೇಕೋ ಮುಚ್ಚಿ ನಿಲ್ಲಬೇಕೋ ಎಂಬುದನ್ನು ವಿನ್ಯಾಸಕ್ಕೆ ಮೊದಲೇ ಬಂದರಿನವರೂ ರಸ್ತೆಯವರೂ ಕೂತು ಒಪ್ಪಿಕೊಳ್ಳಬೇಕು. ಚಂಡಮಾರುತದ ಮುನ್ನೆಚ್ಚರಿಕೆ ಬಂದಾಗ ಏನು ಮಾಡುವುದು ಎಂಬುದನ್ನೂ.

ಪ್ರಶ್ನೆ: ಹಳೆಯ ಸೇತುವೆಯನ್ನು ಉಳಿಸಿಕೊಳ್ಳಬಹುದೇ?

ರಾಟರ್‌ಡ್ಯಾಮ್‌ನವರು ಉಳಿಸಿಕೊಂಡರು. ಅಲ್ಲಿನ ಜನ ಹೋರಾಡಿ ಆ ಎತ್ತುವ ಸೇತುವೆಯನ್ನು ಸಂರಕ್ಷಿತ ಸ್ಮಾರಕ ಮಾಡಿಸಿದರು. ಅದರ ನಡುವಿನ ಭಾಗ ಈಗ ಮೇಲೇ ಇರುತ್ತದೆ, ಕೆಳಗೆ ಬೋಟುಗಳು ಆರಾಮಾಗಿ ಹೋಗುತ್ತವೆ. ಉಳಿಸುವುದಾದರೆ ಹಾಗೆ ತೆರೆದೇ ನಿಲ್ಲಿಸಬೇಕು, ಮತ್ತು ತುಕ್ಕು ನೋಡಿಕೊಳ್ಳುವ ಹೊಣೆ, ಹಣ ಯಾರದು ಅಂತ ಬರೆದಿಡಬೇಕು. ಹೊಣೆ ಹೊರುವವರಿಲ್ಲದೆ ಬಿಟ್ಟ ಸೇತುವೆ ಹಡಗುದಾರಿಗೆ ಅಪಾಯ. ಪೂರ್ತಿ ಆಗದಿದ್ದರೆ ಒಂದು ಗೇರು, ಅಚ್ಚು, ನಿರ್ವಾಹಕರ ಕೋಣೆಯ ಮೇಜು ಇಷ್ಟನ್ನಾದರೂ ದಡದಲ್ಲಿ ಇಡಿ. ಮೂಲ ನಕ್ಷೆಗಳನ್ನೂ ದಾಖಲೆ ಪುಸ್ತಕಗಳನ್ನೂ ರದ್ದಿಗೆ ಹಾಕಬೇಡಿ. ಪಕ್ಕದಲ್ಲಿ ಮುಂದೆ ಯಾರಾದರೂ ಕಂಬ ಇಳಿಸುವಾಗ ಅವೇ ಬೇಕಾಗುತ್ತವೆ.

ಪ್ರಶ್ನೆ: ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ ನಾನು. ಇಂಥ ಸೇತುವೆಗಳ ಕೆಲಸಕ್ಕೆ ಬರಬೇಕು ಅಂದರೆ ಏನು ಕಲಿಯಲಿ?

ಬಾಮ್ಮ, ನಿಮ್ಮಂಥವರು ಬೇಕು. ಸಿವಿಲ್ ಜೊತೆಗೆ ಮೆಕ್ಯಾನಿಕಲ್ ಗೆಳತಿಯರ ಪುಸ್ತಕಗಳನ್ನೂ ಓದಿ, ಬೇರಿಂಗು, ಗೇರು, ಬ್ರೇಕಿನ ಪಾಠ ಬಿಡಬೇಡಿ. ಸ್ವಲ್ಪ ವಿದ್ಯುತ್ ನಿಯಂತ್ರಣ ಗೊತ್ತಿರಲಿ. ಈ ಮೂರೂ ತಿಳಿದವರು ಸಿಗುವುದೇ ಕಷ್ಟ. ರಜೆಯಲ್ಲಿ ತೆರೆಯುವ ಸೇತುವೆಯೊಂದಕ್ಕೆ ಒಪ್ಪಿಗೆ ಪತ್ರ ಪಡೆದು ಹೋಗಿ. ನಿರ್ವಾಹಕರ ಪಕ್ಕದಲ್ಲಿ ಒಂದು ಪಾಳಿ ಪೂರ್ತಿ ಕೂತುಕೊಳ್ಳಿ, ಹಗಲಿಗಿಂತ ರಾತ್ರಿ ಪಾಳಿ ವಾಸಿ. ಜೊತೆಗೆ ಟಾರ್ಚು, ನೋಟುಪುಸ್ತಕ, ಜಾರದ ಬೂಟು ಇರಲಿ. ಯಂತ್ರಕೋಣೆಯ ಮೆಟ್ಟಿಲಿನಲ್ಲಿ ಯಾವಾಗಲೂ ಗ್ರೀಸ್ ಬಿದ್ದಿರುತ್ತದೆ.